ಲೋಹವಿಲ್ಲದ ಏರಿಯಲ್

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ರೇಡಿಯೊ ಬಂದದ್ದು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ. ವಾಲ್ವ್ ರೇಡಿಯೊ, ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯೇರಿ ಬಾಯಿಬಿಡುವ ತನಕ ಮನೆಮಂದಿಯೆಲ್ಲ ಕಾದು ಕುಳಿತಿರಬೇಕಾಗಿತ್ತು. ಹೆಂಚಿನ ಮಾಡಿನ ಎರಡು ತುದಿಗೂ ಬಿದಿರಿನ ಗಳು ನಿಲ್ಲಿಸಿ, ನಡುವೆ ತಾಮ್ರದ ಜಾಲರಿಯ ಪಟ್ಟಿಯೊಂದನ್ನು ಬಿಗಿದು ಕಟ್ಟಿದ್ದರು. ಅದರ ಹೆಸರು ಏರಿಯಲ್. ಅದು ಇಲ್ಲದಿದ್ದರೆ ರೇಡಿಯೊಗೆ ಕಿವಿಯಿಲ್ಲ ಎಂದು ಅಜ್ಜಯ್ಯ ಹೇಳುತ್ತಿದ್ದರು.

ಹಗಲಿನಲ್ಲಿ ಆ ಪೆಟ್ಟಿಗೆಗೆ ಭದ್ರಾವತಿ ಕೇಳಿಸಿದರೆ ಹೆಚ್ಚು. ಕತ್ತಲಾಗುತ್ತಲೂ ಅದರ ಸ್ವಭಾವವೇ ಬದಲಾಗುತ್ತಿತ್ತು. ಎಲ್ಲೆಲ್ಲಿಯದೋ ಊರುಗಳ ತಮಿಳು, ತೆಲುಗು, ಹಿಂದಿ ಒಂದರ ಮೇಲೊಂದು ಮುಗಿಬಿದ್ದು ಬರುತ್ತಿದ್ದವು. ಒಂದು ದನಿ ಏರುವುದು, ಇಳಿಯುವುದು, ಮತ್ತೊಂದು ಅದನ್ನು ನುಂಗುವುದು. ಹಗಲು ಇಲ್ಲದ ಊರುಗಳು ರಾತ್ರಿ ಎಲ್ಲಿಂದ ಬರುತ್ತವೆ ಎಂದು ನಾನು ಕೇಳಿದರೆ, “ರಾತ್ರಿ ಗಲಾಟೆ ಕಡಿಮೆ ಮಾರಾಯ, ಅದಕ್ಕೇ ಕೇಳಿಸ್ತದೆ” ಎನ್ನುತ್ತಿದ್ದರು ಅಜ್ಜಯ್ಯ. ಆ ಉತ್ತರ ನನಗೆ ಬಹುಕಾಲ ಸಾಕಾಗಿತ್ತು.

ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಏರಿಯಲ್ ತಂತಿಯನ್ನು ರೇಡಿಯೊದಿಂದ ಬಿಡಿಸಿ ಇಡುವುದು ಅಜ್ಜಯ್ಯನ ನಿತ್ಯದ ಕೆಲಸ. ಒಂದು ವರ್ಷ ಮರೆತರು. ಅಂಗಳದ ಆಚೆ ಸಿಡಿಲು ಬಡಿಯಿತು; ನಡುಮನೆಯಲ್ಲಿ ಸುಟ್ಟ ವಾಸನೆ ಹರಡಿತು; ಎರಡು ವರ್ಷ ನಮ್ಮ ಮನೆ ಮೂಕವಾಯಿತು. ಲೋಹದ ಏರಿಯಲ್ಲಿನ ಗುಣವೇ ಅದು. ನಾವು ಕೇಳಲಿ, ಬಿಡಲಿ, ಅದು ಹಗಲಿರುಳೂ ಆಕಾಶಕ್ಕೆ ಕೈಚಾಚಿಕೊಂಡೇ ಇರುತ್ತದೆ, ಬಂದದ್ದನ್ನೆಲ್ಲ ಬರಮಾಡಿಕೊಳ್ಳುತ್ತದೆ.

ಕನ್ನಡ ಎಂ.ಎ. ಮಾಡಿ, ಹಳಗನ್ನಡ ಪಾಠ ಹೇಳುತ್ತ ನಿವೃತ್ತನಾದ ನನಗೆ ಈ ವಿಷಯದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಾನೇ ಆಡಿದ ಒಂದು ಮಾತು. ಅಧ್ಯಾಪಕನಾದ ಹೊಸತರಲ್ಲಿ, ತರಗತಿಯಲ್ಲಿ, ನಮ್ಮ ಕಾವ್ಯಗಳಲ್ಲಿ ಬರುವ ಅಶರೀರವಾಣಿಯ ಪ್ರಸಂಗ ವಿವರಿಸುತ್ತ, ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿರುವುದನ್ನೂ ಸೇರಿಸಿ, ರೇಡಿಯೊದ ತತ್ತ್ವ ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತು ಎಂದು ಹೇಳಿಬಿಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದ ಭೌತಶಾಸ್ತ್ರದ ಹಿರಿಯರೊಬ್ಬರು ಅದನ್ನು ಕೇಳಿಸಿಕೊಂಡಿದ್ದರು. ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುವಾಗ, ಕೊಂಕಿಲ್ಲದೆ, ಒಂದೇ ಪ್ರಶ್ನೆ ಹಾಕಿದರು: “ಮೇಷ್ಟ್ರೇ, ಪೂರ್ವಿಕರಿಗೆ ಗೊತ್ತಿತ್ತು ಅಂದ್ರಲ್ಲ, ರಾತ್ರಿ ಕೇಳೋ ಸ್ಟೇಷನ್ನು ಹಗಲು ಯಾಕೆ ಕೇಳೋದಿಲ್ಲ ಅಂತ ಅವರು ಏನಾದ್ರೂ ಹೇಳಿದ್ದಾರಾ?” ನನ್ನ ಬಳಿ ಅಜ್ಜಯ್ಯನ ಉತ್ತರದ ಹೊರತು ಬೇರೆ ಉತ್ತರವಿರಲಿಲ್ಲ. ಆ ಲಜ್ಜೆಯೇ ನನ್ನನ್ನು ಈ ಚರಿತ್ರೆಯ ಬೆನ್ನು ಹತ್ತಿಸಿತು.

1901ನೆಯ ಇಸವಿ ಡಿಸೆಂಬರ್ 12. ಅಟ್ಲಾಂಟಿಕ್ ಸಾಗರದ ಪಶ್ಚಿಮದ ಅಂಚಿನ ನ್ಯೂಫೌಂಡ್‌ಲೆಂಡಿನಲ್ಲಿ, ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ, ಮಾರ್ಕೋನಿ ಕಿವಿಗೆ ಶ್ರವಣಯಂತ್ರ ಒತ್ತಿಕೊಂಡು ಕುಳಿತಿದ್ದ. ಅವನ ಏರಿಯಲ್ ಎಂದರೆ ಬಿರುಗಾಳಿಯಲ್ಲಿ ಹಾರಿಬಿಟ್ಟ ಗಾಳಿಪಟವೊಂದು ಎತ್ತಿ ಹಿಡಿದಿದ್ದ ತಂತಿ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪೋಲ್ಡು ಎಂಬಲ್ಲಿಂದ ಹೊರಟ ಮೂರು ಚುಕ್ಕೆಗಳ ಸಂಕೇತ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ನೀರನ್ನು ದಾಟಿ ತನ್ನ ಕಿವಿಗೆ ಬಿತ್ತೆಂದು ಅವನು ಸಾರಿದ. ಅವನು ಕೇಳಿದ್ದು ನಿಜವೇ, ಸಿಡಿಲಿನ ಕರಕರವೇ ಎಂದು ಸಂದೇಹಪಡುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಎರಡೇ ತಿಂಗಳ ಬಳಿಕ, 1902ರ ಫೆಬ್ರವರಿಯಲ್ಲಿ, ‘ಫಿಲಡೆಲ್ಫಿಯ’ ಎಂಬ ಹಡಗಿನಲ್ಲಿ ಪಶ್ಚಿಮಕ್ಕೆ ಸಾಗುತ್ತ ಅವನು ಕಂಡುಕೊಂಡ ಸಂಗತಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹಗಲಿನಲ್ಲಿ ಸಂಕೇತಗಳು ಸುಮಾರು 1,100 ಕಿಲೋಮೀಟರಿನ ಆಚೆ ಅಡಗಿದವು. ರಾತ್ರಿ ಅದರ ಮೂರು ಪಟ್ಟು ದೂರದವರೆಗೂ ಕೇಳಿಸಿದವು. ಮಲೆನಾಡಿನ ಹುಡುಗನ ಪ್ರಶ್ನೆಯನ್ನು ಅಟ್ಲಾಂಟಿಕ್ ಸಾಗರ ಅಂದೇ ಕೇಳಿತ್ತು.

ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆಯಿತ್ತು. ಭೂಮಿ ಗುಂಡಗಿದೆ, ರೇಡಿಯೊ ತರಂಗ ಬೆಳಕಿನ ಒಡಹುಟ್ಟು, ನೇರವಾಗಿ ಸಾಗುವಂಥದು. ಅದು ಬಾಗಿ ಸಾಗರ ದಾಟುವುದು ಹೇಗೆ? 1902ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಮೇಲೆ, ಬಹಳ ಮೇಲೆ, ವಿದ್ಯುತ್ತನ್ನು ಹರಿಯಗೊಡುವ ಪದರವೊಂದಿದೆ, ತರಂಗ ಅದಕ್ಕೆ ತಾಗಿ ಮರಳುತ್ತದೆ. ಇಬ್ಬರಲ್ಲಿ ಒಬ್ಬರು ಅಮೆರಿಕೆಯ ಆರ್ಥರ್ ಕೆನೆಲಿ. ಅವರು ಹುಟ್ಟಿದ್ದು ನಮ್ಮ ಮುಂಬಯಿಯ ಕೊಲಾಬಾದಲ್ಲಿ. ಇನ್ನೊಬ್ಬರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಹದಿನಾರಕ್ಕೆ ಶಾಲೆ ಬಿಟ್ಟು ಸ್ವಂತ ಓದಿನಿಂದ ಮೇಲೆ ಬಂದವರು. ಎಳವೆಯಿಂದಲೇ ಕಿವಿ ಮಂದ. ಸರಿಯಾಗಿ ಕೇಳಿಸದ ಮನುಷ್ಯನೊಬ್ಬ, ದೂರದ ದನಿ ನಮಗೆ ಹೇಗೆ ಕೇಳಿಸುತ್ತದೆಂದು ಜಗತ್ತಿಗೆ ತಿಳಿಸಿದ.

ಆದರೆ ಊಹೆ ಊಹೆಯೇ. ಅದು ಸಿದ್ಧವಾಗಲು 22 ವರ್ಷ ಬೇಕಾಯಿತು. 1924ರ ಡಿಸೆಂಬರ್ 11ರ ರಾತ್ರಿ ಎಡ್ವರ್ಡ್ ಆಪಲ್‌ಟನ್ ಮತ್ತು ಮೈಲ್ಸ್ ಬಾರ್ನೆಟ್ ಇಬ್ಬರೂ ಬಿ.ಬಿ.ಸಿ.ಯ ಬೋರ್ನ್‌ಮತ್ ಕೇಂದ್ರದ ತರಂಗಾಂತರವನ್ನು ಮೆಲ್ಲಮೆಲ್ಲನೆ ಬದಲಿಸಿಸುತ್ತ, ಆಕ್ಸ್‌ಫರ್ಡಿನಲ್ಲಿ ದನಿಯ ಏರಿಳಿತವನ್ನು ಎಣಿಸಿದರು. ನೆಲದ ಮೇಲೆ ನೇರ ಬಂದ ತರಂಗವೂ ಮೇಲೆ ಹೋಗಿ ಮರಳಿದ ತರಂಗವೂ ಕೂಡಿ ಕಳೆಯುವುದರಿಂದ ಆಗುವ ಏರಿಳಿತವದು. ಆ ಲೆಕ್ಕದಿಂದ ಪದರದ ಎತ್ತರ ಹೊರಬಿತ್ತು: ಸುಮಾರು 90 ರಿಂದ 100 ಕಿಲೋಮೀಟರ್. ಮುಂದೆ ಅದಕ್ಕೂ ಮೇಲೆ ಮತ್ತೊಂದು ಪದರವನ್ನು ಆಪಲ್‌ಟನ್ ಕಂಡರು. 1947ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರರು ಮೇಲಣ ವಾಯುಮಂಡಲವನ್ನು ಕುರಿತು ಬರೆದ ಬೃಹದ್ಗ್ರಂಥ ಪ್ರಕಟವಾಯಿತು. ದೇಶವಿದೇಶಗಳ ವಿದ್ವಾಂಸರು ಅದನ್ನು ಆಕರಗ್ರಂಥವಾಗಿ ಬಳಸಿದರು.

ಈ ಪದರ ಏನು? ಸೂರ್ಯನ ಅತಿನೇರಳೆ ಕಿರಣಗಳು ಮೇಲಣ ತೆಳು ಗಾಳಿಯ ಕಣಗಳಿಗೆ ಬಡಿದು ಅವುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತವೆ. ಒಡೆದ ಕಣ ಅಯಾನು. ಬಿಡುಗಡೆಯಾದ ಎಲೆಕ್ಟ್ರಾನು ಸ್ವತಂತ್ರ. ಇವೆರಡೂ ಸಮಸಮವಾಗಿ ಬೆರೆತಿರುವ ವಾಯುವಿಗೆ 1928ರಲ್ಲಿ ಅಮೆರಿಕೆಯ ಅರ್ವಿಂಗ್ ಲ್ಯಾಂಗ್ಮೂರ್ ಒಂದು ಹೆಸರು ಕೊಟ್ಟರು: ಪ್ಲಾಸ್ಮಾ. ರಕ್ತದಲ್ಲಿ ಕಣಗಳನ್ನು ಹೊತ್ತು ಸಾಗುವ ದ್ರವಕ್ಕೆ ಅದಾಗಲೇ ಇದ್ದ ಹೆಸರದು. ಅವರು ಆಕಾಶವನ್ನು ನೋಡಿ ಆ ಹೆಸರಿಟ್ಟವರಲ್ಲ. ವಿದ್ಯುದ್ದೀಪ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ, ಗಾಜಿನ ಬುರುಡೆಯೊಳಗಿನ ಹೊಳಪನ್ನು ನೋಡುತ್ತ ಕುಳಿತಿದ್ದವರು. ಆಕಾಶದ ಪದರವೂ ಗಾಜಿನ ಕೊಳವೆಯೊಳಗಿನ ಹೊಳಪೂ ಒಂದೇ ವಸ್ತು ಎಂಬುದು ಈ ಚರಿತ್ರೆಯ ಕೀಲಿಕೈ.

ಪ್ಲಾಸ್ಮಾಕ್ಕೆ ತನ್ನದೇ ಒಂದು ತಾಳವಿದೆ. ಎಲೆಕ್ಟ್ರಾನುಗಳ ಗುಂಪನ್ನು ಒಂದಿಷ್ಟು ಆಚೆ ತಳ್ಳಿದರೆ ಅಯಾನುಗಳು ಅವನ್ನು ಹಿಂದಕ್ಕೆ ಸೆಳೆಯುತ್ತವೆ. ಅವು ಉಯ್ಯಾಲೆಯಂತೆ ತೂಗತೊಡಗುತ್ತವೆ. ಎಲೆಕ್ಟ್ರಾನುಗಳು ದಟ್ಟವಾದಷ್ಟೂ ತೂಗು ಬಿರುಸು; ದಟ್ಟಣೆ ನಾಲ್ಕು ಪಟ್ಟಾದರೆ ಬಿರುಸು ಇಮ್ಮಡಿ. ಇದನ್ನು 1929ರಲ್ಲಿ ಟಾಂಕ್ಸ್ ಮತ್ತು ಲ್ಯಾಂಗ್ಮೂರ್ ವಿವರಿಸಿದರು. ಬಂದ ತರಂಗದ ಕಂಪನ ಈ ತಾಳಕ್ಕಿಂತ ನಿಧಾನವಾಗಿದ್ದರೆ ಎಲೆಕ್ಟ್ರಾನುಗಳು ಅದರೊಡನೆ ಹೆಜ್ಜೆ ಹಾಕಿ ಅದನ್ನು ಹಿಂದಕ್ಕಟ್ಟುತ್ತವೆ. ಆಗ ಪ್ಲಾಸ್ಮಾ ಲೋಹದಂತೆ. ತರಂಗವೇ ಬಿರುಸಾಗಿದ್ದರೆ ಎಲೆಕ್ಟ್ರಾನುಗಳಿಗೆ ಹೆಜ್ಜೆ ಕೂಡುವುದಿಲ್ಲ, ತರಂಗ ದಾಟಿ ಹೋಗುತ್ತದೆ. ಆಗ ಪ್ಲಾಸ್ಮಾ ಗಾಜಿನಂತೆ. ಆಕಾಶದ ಪದರದಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಲಕ್ಷ ಎಲೆಕ್ಟ್ರಾನುಗಳಿದ್ದರೆ ಅದರ ತಾಳ ಸೆಕೆಂಡಿಗೆ ಸುಮಾರು 90 ಲಕ್ಷ ಕಂಪನ. ಆದ್ದರಿಂದಲೇ ಮಧ್ಯಮ ತರಂಗ ಮರಳಿ ನೆಲಕ್ಕೆ ಬರುತ್ತದೆ. ಅದಕ್ಕಿಂತ ಬಹಳ ಬಿರುಸಾದ ಟೆಲಿವಿಷನ್ನಿನ ತರಂಗ ಆಕಾಶವನ್ನು ತೂರಿ ಹೋಗುತ್ತದೆ.

ಹಾಗಾದರೆ ಹಗಲಿನ ಮೌನ? ಸೂರ್ಯನಿರುವ ಹೊತ್ತು 60 ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ಕೆಳ ಪದರ ಹುಟ್ಟುತ್ತದೆ. ಅಲ್ಲಿ ಗಾಳಿ ಇನ್ನೂ ದಟ್ಟ. ತರಂಗದೊಡನೆ ಕುಣಿಯಲು ಹೊರಟ ಎಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ಗಾಳಿಯ ಕಣಕ್ಕೆ ಡಿಕ್ಕಿ ಹೊಡೆದು, ತರಂಗದಿಂದ ಪಡೆದ ಶಕ್ತಿಯನ್ನು ಚೆಲ್ಲಿಬಿಡುತ್ತದೆ. ದನಿ ದಾರಿಯಲ್ಲೇ ಸೋರಿಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಮೇಲಿನ ಪದರಗಳು ಮಾತ್ರ ಉಳಿದು, ದೂರದ ಊರುಗಳ ದನಿಯನ್ನು ನಮ್ಮ ಹೆಂಚಿನ ಮಾಡಿನ ಮೇಲೆ ಇಳಿಸುತ್ತವೆ. ಇದನ್ನು ತಿಳಿದ ದಿನ ನಾನು ಆ ಹಿರಿಯರ ಮನೆಗೆ ಹೋಗಿ ಉತ್ತರ ಒಪ್ಪಿಸಿದೆ. ಅವರು ನಕ್ಕು, ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟನ್ನು ತೋರಿಸಿ, “ಅರ್ಧ ಕಥೆ ಆಯ್ತು. ಇನ್ನರ್ಧ ಇದರೊಳಗಿದೆ” ಎಂದರು.

ಆ ಇನ್ನರ್ಧದ ಆರಂಭ ವಿಚಿತ್ರವಾದದ್ದು. 1919ರ ಜುಲೈ 8ರಂದು, ಪ್ಲಾಸ್ಮಾ ಎಂಬ ಹೆಸರೇ ಹುಟ್ಟುವ ಒಂಬತ್ತು ವರ್ಷ ಮೊದಲು, ಜಾನ್ ಹೆಟಿಂಗರ್ ಎಂಬಾತನಿಗೆ ಅಮೆರಿಕೆಯಲ್ಲಿ ಒಂದು ಪೇಟೆಂಟ್ ದೊರೆಯಿತು. ನಿಸ್ತಂತು ವಾರ್ತೆಗೆ ಎತ್ತರದ ಕಂಬಗಳೂ ಉದ್ದದ ತಂತಿಗಳೂ ಏಕೆ ಬೇಕು? ಅತಿನೇರಳೆ ಕಿರಣದ ಕಂತೆಯೊಂದನ್ನು ಆಕಾಶಕ್ಕೆ ಹಾಯಿಸಿ, ಅದರ ದಾರಿಯ ಗಾಳಿಯನ್ನು ಅಯಾನುಗಳನ್ನಾಗಿಸಿದರೆ, ಆ ಗಾಳಿಯೇ ವಿದ್ಯುತ್ತನ್ನು ಒಯ್ಯುವ ಏರಿಯಲ್ ಆಗಲಾರದೇ? ಇದು ಅವನ ಯೋಚನೆಯ ತಿರುಳು. ಯೋಚನೆ ಸುಂದರ. ಆದರೆ ನೆಲಮಟ್ಟದ ದಟ್ಟ ಗಾಳಿಯಲ್ಲಿ, ಅಂದಿನ ದೀಪಗಳಿಂದ ಅಂಥ ಕಂಬವನ್ನು ನಿಲ್ಲಿಸುವುದು ಸಾಧ್ಯವಿರಲಿಲ್ಲ. ಕಿತ್ತ ಎಲೆಕ್ಟ್ರಾನು ಗಾಳಿಯ ಕಣಗಳಿಗೆ ಕಣ್ಣೆವೆ ಇಕ್ಕುವುದರೊಳಗೆ ಅಂಟಿಕೊಂಡುಬಿಡುತ್ತದೆ. ಲೋಹವಿಲ್ಲದ ಏರಿಯಲ್ ಕಾಗದದ ಮೇಲೆ ಉಳಿಯಿತು.

ಏರಿಯಲ್ ಮಾಡುವ ಕೆಲಸವೇನೆಂದು ಒಂದು ಮಾತು ಹೇಳಬೇಕು. ನಿಂತ ನೀರಿನಲ್ಲಿ ಕೈಯಾಡಿಸಿದರೆ ಅಲೆ ಹೊರಟು ದಡ ಮುಟ್ಟುತ್ತದೆ. ಕೈ ನಿಂತರೂ ಹೊರಟ ಅಲೆ ನಿಲ್ಲುವುದಿಲ್ಲ. ಹಾಗೆಯೇ ಎಲೆಕ್ಟ್ರಾನುಗಳನ್ನು ಹಿಂದೆ ಮುಂದೆ ವೇಗವಾಗಿ ಓಡಾಡಿಸಿದರೆ ಅವುಗಳಿಂದ ವಿದ್ಯುತ್ಕಾಂತ ತರಂಗ ಕಳಚಿಕೊಂಡು ಹೊರಡುತ್ತದೆ. ತರಂಗಕ್ಕೆ ಬೇಕಾದ್ದು ಓಡಾಡುವ ಎಲೆಕ್ಟ್ರಾನು. ಅದು ತಾಮ್ರದ್ದೋ ಗಾಳಿಯದೋ ಎಂದು ತರಂಗ ಕೇಳುವುದಿಲ್ಲ. ತಾಮ್ರದಲ್ಲಿ ಎಲೆಕ್ಟ್ರಾನುಗಳು ಸದಾ ಸಿದ್ಧವಾಗಿವೆ. ವಾಯುವಿನಲ್ಲಿ ಅವನ್ನು ಮೊದಲು ಬಿಡುಗಡೆ ಮಾಡಬೇಕು, ಬಿಡುಗಡೆಯಾದವನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಕಷ್ಟ ಇರುವುದು ಇಲ್ಲಿ.

ಆ ಕಷ್ಟವನ್ನು ಒಬ್ಬರೇ ಬಿಡಿಸಲಿಲ್ಲ. 1959ರಲ್ಲಿ ಟ್ರಿವೆಲ್‌ಪೀಸ್ ಮತ್ತು ಗೌಲ್ಡ್ ಎಂಬಿಬ್ಬರು ಕೊಳವೆಯೊಳಗಿನ ಪ್ಲಾಸ್ಮಾ ಕಂಬದ ಉದ್ದಕ್ಕೂ ತರಂಗಗಳು ಹೇಗೆ ಸಾಗುತ್ತವೆಂದು ತೋರಿಸಿದರು. ಅವುಗಳಲ್ಲಿ ಒಂದು ಬಗೆಯದು ಪ್ಲಾಸ್ಮಾದ ಒಡಲನ್ನು ಹೊಗದೆ ಅದರ ಅಂಚನ್ನೇ ಹಿಡಿದು ಓಡುತ್ತದೆ. 1970ರ ದಶಕದಲ್ಲಿ ಮಿಶೆಲ್ ಮೊಯ್ಸಾನ್ ಮತ್ತು ಅವರ ಜೊತೆಗಾರರು ಈ ಮೇಲ್ಮೈ ತರಂಗದಿಂದಲೇ ಪ್ಲಾಸ್ಮಾವನ್ನು ಹುಟ್ಟಿಸುವ ಸಾಧನ ನಿರ್ಮಿಸಿದರು. ಉದ್ದನೆಯ ಗಾಜಿನ ಕೊಳವೆಯಲ್ಲಿ ಅತಿ ಕಡಿಮೆ ಒತ್ತಡದ ಆರ್ಗಾನ್. ಅದರ ಒಂದು ತುದಿಯಲ್ಲಿ ಮಾತ್ರ ಲೋಹದ ಸಾಧನ. ಅಲ್ಲಿ ಶಕ್ತಿ ಕೊಟ್ಟರೆ ತುದಿಯ ವಾಯು ಹೊಳೆಯತೊಡಗುತ್ತದೆ. ಹೊಳೆದ ವಾಯುವಿನ ಅಂಚು ಹಿಡಿದು ತರಂಗ ಮುಂದೆ ಹೋಗುತ್ತದೆ. ಹೋದಲ್ಲಿನ ವಾಯುವನ್ನು ಹೊಳೆಯಿಸುತ್ತದೆ. ಆ ಹೊಳಪಿನ ಮೇಲೆ ಇನ್ನೂ ಮುಂದೆ ಸಾಗುತ್ತದೆ. ಒಣಗಿದ ಗದ್ದೆಗೆ ಹೊಸದಾಗಿ ನೀರು ಬಿಟ್ಟಾಗ ನೀರು ತನ್ನ ದಾರಿಯನ್ನು ತಾನೇ ಬಿಡಿಸಿಕೊಂಡು ಹೋಗುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಶಕ್ತಿ ತೀರಿದಲ್ಲಿ ಕಂಬವೂ ತೀರುತ್ತದೆ. ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೆ ಕಂಬ ಸುಮಾರು ಇಮ್ಮಡಿ ಉದ್ದವಾಗುತ್ತದೆ.

ಇತ್ತ ಸೇನೆಗಳ ಕಣ್ಣೂ ಇದರ ಮೇಲೆ ಬಿದ್ದಿತ್ತು. 1984ರಲ್ಲಿ ಅಮೆರಿಕೆಯ ನೌಕಾ ಸಂಶೋಧನಾಲಯದವರು, ಲೇಸರ್ ಕಿರಣ ತೋರಿದ ದಾರಿಯಲ್ಲಿ ಬಯಲು ಗಾಳಿಯಲ್ಲೇ ಮಿಂಚು ಹರಿಸಿ ಅದನ್ನು ಏರಿಯಲ್ಲಾಗಿ ಬಳಸಬಹುದೇ ಎಂದು ಪರೀಕ್ಷಿಸಿದರು. ಹೆಟಿಂಗರನ ಕನಸಿನ ಮರುಹುಟ್ಟು ಅದು. 1999 ಮತ್ತು 2000ದಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಜೆರಾರ್ಡ್ ಬೋರ್ಗ್, ಜೆಫ್ರಿ ಹ್ಯಾರಿಸ್ ಮತ್ತು ಸಂಗಡಿಗರು, ಮೇಲ್ಮೈ ತರಂಗದಿಂದ ಬೆಳಗಿದ ಕೊಳವೆಗಳು ನಿಜವಾಗಿಯೂ ಸಂಕೇತಗಳನ್ನು ಬಿತ್ತರಿಸಬಲ್ಲವೆಂದು ಅಳತೆಮಾಡಿ ತೋರಿಸಿದರು. ಹೆಟಿಂಗರನ ಕಾಗದಕ್ಕೂ ಈ ಕೊಳವೆಗೂ ನಡುವೆ 80 ವರ್ಷ. ನಮ್ಮ ದೇಶದಲ್ಲಿ, ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 30 ಸೆಂಟಿಮೀಟರಿನ ಒಂದೇ ಆರ್ಗಾನ್ ಕಂಬ, ಒತ್ತಡವನ್ನೂ ಶಕ್ತಿಯನ್ನೂ ಬದಲಿಸಿದಂತೆ, ಒಮ್ಮೆ ಒಂಟಿ ಏರಿಯಲ್ಲಾಗಿ, ಒಮ್ಮೆ ಏರಿಯಲ್ಲುಗಳ ಸಾಲಾಗಿ, ಮತ್ತೊಮ್ಮೆ ಸುರುಳಿಯಾಗಿ ವರ್ತಿಸಿತು.

ಕೊಳವೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರ ಕೋಟಿ ಎಲೆಕ್ಟ್ರಾನುಗಳಿದ್ದರೆ ಅದರ ತಾಳ ಸೆಕೆಂಡಿಗೆ ಸುಮಾರು 280 ಕೋಟಿ ಕಂಪನ. ಅದಕ್ಕಿಂತ ಸಾಕಷ್ಟು ನಿಧಾನವಾದ ತರಂಗಗಳಿಗೆ ಆ ಕೊಳವೆ ಲೋಹ; ಅದಕ್ಕೂ ಬಿರುಸಾದ ರಾಡಾರ್ ತರಂಗಕ್ಕೆ ಅದು ಉರಿಯುತ್ತಿರುವಾಗಲೂ ಬರಿಯ ಗಾಜು. ಗುಂಡಿ ಆರಿಸಿದರೆ ಎಲೆಕ್ಟ್ರಾನುಗಳು ಕ್ಷಣದ ಅಲ್ಪಭಾಗದಲ್ಲಿ ತಮ್ಮ ತಮ್ಮ ಅಯಾನುಗಳನ್ನು ಸೇರಿಬಿಡುತ್ತವೆ. ಆಮೇಲೆ ಅಲ್ಲಿ ಏರಿಯಲ್ಲೇ ಇಲ್ಲ. ಮಾತಾಡುವಾಗ ಮಾತ್ರ ಇದ್ದು, ಮಾತು ಮುಗಿದೊಡನೆ ಇಲ್ಲವಾಗುವ ನಾಲಗೆ! ಕಳ್ಳಗಣ್ಣಿನ ರಾಡಾರಿಗೆ ಕಾಣಿಸದಿರುವ ಈ ಗುಣವೇ ಸೇನೆಗಳನ್ನು ಸೆಳೆದದ್ದು ಎಂಬುದನ್ನು ಮರೆಯಲಾಗದು. ಬೆಳಕಿನ ಕೊಳವೆಯೂ ಕತ್ತಲ ಕೆಲಸಕ್ಕೆ ಒದಗೀತು. ದೋಷಗಳೂ ಉಂಟು. ಲೋಹದ ಕಂಬಕ್ಕೆ ಅನ್ನ ಬೇಡ. ಪ್ಲಾಸ್ಮಾ ಕಂಬ ಬದುಕಿರಲು ಸದಾ ಶಕ್ತಿ ಉಣಬೇಕು. ಗಾಜು ಒಡೆಯುವ ವಸ್ತು. ಬಿಸಿ ಎಲೆಕ್ಟ್ರಾನುಗಳ ಗದ್ದಲ ಸಣ್ಣ ಸಂಕೇತವನ್ನು ಮಸುಕಾಗಿಸಬಹುದು. ನಮ್ಮ ನಡುಮನೆಯ ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತುವಾಗ ರೇಡಿಯೊ ಕರಕರ ಎನ್ನುತ್ತಿತ್ತಲ್ಲ, ಅದೂ ಈ ಮನೆತನದ ಗದ್ದಲವೇ. ನಾವು ಅದನ್ನು ಬೈದೆವು; ಕೊಳವೆಯೊಳಗಿನ ವಾಯು ತನಗೂ ನುಡಿಯಲು ಬರುತ್ತದೆಂದು ತಿಳಿಸುತ್ತಿತ್ತು.

ಕೊನೆಗೆ ನನ್ನ ತರಗತಿಯ ಮಾತಿಗೆ ಬರುತ್ತೇನೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಸ್ಥಾಪಿಸಿದರು. ಅದರ ಪ್ರೇಷಕದ ಶಕ್ತಿ 30 ವ್ಯಾಟ್. ಮನೆಯ ಟ್ಯೂಬ್‌ಲೈಟೊಂದು ಉಣ್ಣುವ 40 ವ್ಯಾಟಿಗಿಂತ ಕಡಿಮೆ. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಅದೇ ದೇಶದ ಬಾನುಲಿಗೆಲ್ಲ ಹೆಸರಾಯಿತು. ಹಳೆಯ ಪದವೊಂದನ್ನು ಹೊಸ ವಸ್ತುವಿಗೆ ತೊಡಿಸಿದ ಆ ಜಾಣ್ಮೆಗೆ ಕನ್ನಡದ ವಿದ್ಯಾರ್ಥಿಯಾಗಿ ನಾನು ತಲೆಬಾಗುತ್ತೇನೆ. ಆದರೆ ಪದ ಇದ್ದಮಾತ್ರಕ್ಕೆ ವಸ್ತು ಇತ್ತೆಂದು ಸಾರಿದ್ದು ನನ್ನ ತಪ್ಪು. ವೈಶೇಷಿಕರು ಆಡಿದ್ದು ಕಿವಿಗೆ ಕೇಳುವ ಶಬ್ದದ ಮಾತು. ಅದು ಸಾಗುವುದು ಗಾಳಿಯಲ್ಲಿ. ರೇಡಿಯೊ ತರಂಗಕ್ಕೆ ಗಾಳಿ ಬೇಡ. ಅವರು ತಮ್ಮ ಪ್ರಶ್ನೆಗೆ ತಮ್ಮ ಉತ್ತರ ಕಂಡರು. ಅದನ್ನು ಕಿತ್ತು ತಂದು ನಮ್ಮ ಪ್ರಶ್ನೆಗೆ ಅಂಟಿಸಿದರೆ ಅವರಿಗೂ ಗೌರವವಿಲ್ಲ, ಗಾಳಿಪಟದ ತಂತಿ ಹಿಡಿದು ಚಳಿಯಲ್ಲಿ ಕುಳಿತವನಿಗೂ, ರಾತ್ರಿಯಿಡೀ ಏರಿಳಿತ ಎಣಿಸಿದವರಿಗೂ ಗೌರವವಿಲ್ಲ. ಹೆಟಿಂಗರನಿಗೆ ಯೋಚನೆಯಷ್ಟೇ ಅಲ್ಲ, ಪೇಟೆಂಟೂ ಇತ್ತು. ಆದರೂ ಅದು ನಿಜವಾಗಲು 80 ವರ್ಷಗಳ ಪರರ ದುಡಿಮೆ ಬೇಕಾಯಿತು. ಪದಕ್ಕೂ ಪದಾರ್ಥಕ್ಕೂ ನಡುವಿನ ಆ ದುಡಿಮೆಯ ಹೆಸರೇ ವಿದ್ಯೆ.

ಮರುದಿನವೇ ತರಗತಿಗೆ ಹೋಗಿ ಇದನ್ನು ಹೇಳಬೇಕಾಗಿತ್ತು, ಹೇಳಲಿಲ್ಲ. ಉತ್ತರ ತಿಳಿಯುವ ಹೊತ್ತಿಗೆ ಆ ಹುಡುಗರು ಪದವಿ ಪಡೆದು ಚದುರಿಹೋಗಿದ್ದರು. ಈಗ ಅವರೂ ನರೆಗೂದಲಿನವರು. ಅವರಲ್ಲಿ ಯಾರಾದರೂ ಈ ಹೊತ್ತು ರೇಡಿಯೊದ ಮುಂದೆ ಕುಳಿತಿದ್ದರೆ, ಚಪ್ಪಾಳೆ ಗಿಟ್ಟಿಸಿದ ಆ ದಿನದ ಪಾಠವನ್ನು ತಿದ್ದಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ದನಿ ಅವರನ್ನು ಮುಟ್ಟುವ ದಾರಿ ಯಾವುದೆಂಬುದು ಈಗ ನನಗೆ ಗೊತ್ತಿದೆ.

(ಬಾನುಲಿ ಭಾಷಣ)